ಬಾಲ್ ಜಾಯಿಂಟು ಮತ್ತು ನಾನು ಕೆಡಿಸಿದ ಗಾಡಿಗಳು

ಮೂವತ್ತೊಂದು ವರ್ಷ ನಾನು ಗಾಡಿಗಳ ಕೆಳಗೆ ಅಂಗಾತ ಮಲಗಿ ಹೊಟ್ಟೆ ಹೊರೆದುಕೊಂಡವನು. ಶಿವಮೊಗ್ಗದ ಎಷ್ಟೋ ಗಣ್ಯರ ಮುಖ ನನಗೆ ನೆನಪಿಲ್ಲ. ಅವರ ಗಾಡಿಯ ಅಡಿಭಾಗ ತೋರಿಸಿದರೆ ಮಾತ್ರ ಹೆಸರು, ಬೀದಿ, ಅವರು ಬ್ರೇಕು ತುಳಿಯುವ ರೀತಿ ಎಲ್ಲ ಹೇಳಬಲ್ಲೆ. ನನ್ನ ಅಣ್ಣನ ಮಗಳು ಪೂರ್ಣಿಮಾ ಈಚೆಗೆ ಡಿಪ್ಲೊಮಾ ಮುಗಿಸಿ ಒಂದು ಸರ್ವೀಸ್ ಸೆಂಟರಿಗೆ ಸೇರಿದಳು. ಸೇರಿದ ವಾರಕ್ಕೇ ಬಂದು, "ಚಿಕ್ಕಪ್ಪ, ನಿಮ್ಮ ಅನುಭವ ಒಂದಿಷ್ಟು ಬರೆದು ಕೊಡಿ. ನಮ್ಮ ಬ್ಯಾಚಿನವ್ರಿಗೆಲ್ಲ ಓದಿಸ್ತೀನಿ" ಎಂದಳು. ನಾನು ಚೆನ್ನಾಗಿ ಮಾಡಿದ ಕೆಲಸಗಳನ್ನು ಬರೆದರೆ ಒಂದು ಪುಟವಾಗುತ್ತದೆ, ಅದೂ ದೊಡ್ಡ ಅಕ್ಷರದಲ್ಲಿ ಬರೆದರೆ. ಆದ್ದರಿಂದ ಕೆಡಿಸಿದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಭದ್ರಾವತಿಯಲ್ಲಿ. ಅಪ್ಪ ಕಾರ್ಖಾನೆಯಲ್ಲಿದ್ದರು. ನನಗೂ ಅಲ್ಲೇ ಕೆಲಸ ಸಿಗುತ್ತದೆಂದು ಇಡೀ ಬೀದಿ ನಂಬಿತ್ತು, ಕಾರ್ಖಾನೆಯೊಂದನ್ನು ಬಿಟ್ಟು. ಕಾದು ಸಾಕಾಗಿ ಶಿವಮೊಗ್ಗದಲ್ಲಿ ಗಫಾರ್ ಸಾಬರ ಗ್ಯಾರೇಜು ಸೇರಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಸಾಬರು ಸಣ್ಣ ಆಳು. ಬಿಳಿ ಪೈಜಾಮ ಹಾಕಿಕೊಂಡೇ ಎಂಜಿನ್ ಬಿಚ್ಚುತ್ತಿದ್ದರು, ಒಂದು ಕಲೆಯೂ ಆಗುತ್ತಿರಲಿಲ್ಲ. ನಾನು ಗೇಟಿನೊಳಗೆ ಕಾಲಿಟ್ಟರೆ ಸಾಕು, ಅಂಗಿಗೆ ಮಸಿ ಹತ್ತುತ್ತಿತ್ತು. ಹೀಗಾಗಿ ಗಿರಾಕಿಗಳು ನನ್ನನ್ನೇ ದೊಡ್ಡ ಮೆಕ್ಯಾನಿಕ್ ಎಂದು ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ತೊಂಬತ್ತರ ದಶಕದ ನಡುವೆ ಹೊಸ ಮಾದರಿಯ ಪಿಕಪ್ಪುಗಳು ಊರಿಗೆ ಬರತೊಡಗಿದವು. ಅದುವರೆಗೆ ನಮ್ಮ ಕೈಗೆ ಬರುತ್ತಿದ್ದುದು ಲಾರಿ, ಹಳೇ ಜೀಪು. ಮುಂದೆ ಒಂದು ಕಬ್ಬಿಣದ ದಿಮ್ಮಿಯಂಥ ಆಕ್ಸಲ್, ಕೆಳಗೆ ಪಟ್ಟಿ ಪೇರಿಸಿದ ಪಾಟಾ ಸ್ಪ್ರಿಂಗು, ಮುಗಿಯಿತು. ಈ ಪಿಕಪ್ಪುಗಳಲ್ಲಿ ಮುಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಕುಣಿಯುತ್ತಿದ್ದವು. ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದುಕೊಂಡಿರುತ್ತದೆ. ತೋಳಿಗೂ ಚಕ್ರಕ್ಕೂ ನಡುವೆ ಇರುವ ಕೀಲೇ ಬಾಲ್ ಜಾಯಿಂಟು. ನಮ್ಮ ಸೊಂಟದ ಮೂಳೆ ಇರುವಂತೆಯೇ, ಒಂದು ಬಟ್ಟಲು, ಅದರೊಳಗೆ ಒಂದು ಗುಂಡು. ಗುಂಡಿನಿಂದ ಹೊರಟ ಮೊಟಕು ಕಡ್ಡಿಯನ್ನು ಚಕ್ರದ ಗೂಡಿನ ತೂತಿನಲ್ಲಿ ತೂರಿಸಿ, ನಟ್ಟು ಬಿಗಿದು, ನಟ್ಟು ತಿರುಗದಂತೆ ಅಡ್ಡಕ್ಕೆ ಒಂದು ಸ್ಪ್ಲಿಟ್ ಪಿನ್ನು ಹಾಕುತ್ತಾರೆ. ಪಿನ್ನು ಎಂದರೆ ಹೆಂಗಸರ ಹೇರ್‌ಪಿನ್ನಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಒಂದೂವರೆ ಟನ್ ಹೊತ್ತು ಓಡುವ ಗಾಡಿಯ ಮಾನ ಅದರ ಮೇಲೆ ನಿಂತಿರುತ್ತದೆ.

ಮೊದಲ ಸಲ ಕೆಳಗಿನ ಜಾಯಿಂಟು ಬಿಚ್ಚಿದ ದಿನ ನನಗೆ ಚೆನ್ನಾಗಿ ನೆನಪಿದೆ. ಚಾಸಿಗೆ ಜಾಕು ಕೊಟ್ಟು ಗಾಡಿ ಎತ್ತಿದೆ. ಚಕ್ರ ತೆಗೆದೆ, ಪಿನ್ನು ಕಿತ್ತೆ, ನಟ್ಟನ್ನು ಪೂರ್ತಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಆ ತೋಳನ್ನು ಒಂದು ದಪ್ಪ ಸ್ಪ್ರಿಂಗು ಕೆಳಕ್ಕೆ ಒತ್ತಿಕೊಂಡಿರುತ್ತದೆ, ಅದರಡಿಗೆ ಇನ್ನೊಂದು ಜಾಕು ಕೊಡಬೇಕು ಎಂದು ಯಾರೂ ಹೇಳಿರಲಿಲ್ಲ. ಸಾಬರು ಹೇಳಿದ್ದರಂತೆ, ನಾನು ಕೇಳಿಸಿಕೊಂಡಿರಲಿಲ್ಲ. ಸುತ್ತಿಗೆ ತೆಗೆದುಕೊಂಡು ಗೂಡಿನ ಪಕ್ಕಕ್ಕೆ ಎರಡು ಏಟು ಹಾಕಿದೆ. ಮೂರನೇ ಏಟಿಗೆ ಧಡ್ ಎಂದು ತೋಳು ಕೆಳಗೆ ಬಡಿಯಿತು. ಅದು ಬಡಿದ ಜಾಗದಲ್ಲಿ, ನೆರಳಿದೆ ಎಂದು ಸಾಬರು ಇಟ್ಟಿದ್ದ ಊಟದ ಡಬ್ಬಿ ಇತ್ತು. ಮೂರು ಅಂತಸ್ತಿನ ಡಬ್ಬಿ ತಟ್ಟೆಯಾಯಿತು.

ಸಾಬರು ಬಂದು ಬಗ್ಗಿ ನೋಡಿದರು. ತಟ್ಟೆಯಾದ ಡಬ್ಬಿಯನ್ನು ಎತ್ತಿ ಹಿಡಿದು, ಅದರ ಅಂಚಿನಿಂದ ಇಳಿಯುತ್ತಿದ್ದ ಸಾರನ್ನು ನೋಡಿದರು.

"ಮಿಯಾ, ನಿನ್ನ ತಲೆ ಎಲ್ಲಿತ್ತು?"

"ಈ ಕಡೆ ಇತ್ತು ಸಾಬ್ರೆ."

"ನಾಳೆಯಿಂದ ನನ್ ಡಬ್ಬಿ ಬೇರೆ ಕಡೆ ಇಡ್ತೀನಿ. ನಿನ್ ತಲೆ ನೀನು ನೋಡ್ಕೋ."

ಆ ದಿನ ಇಬ್ಬರೂ ನನ್ನ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ತಿಂದೆವು. ತಿನ್ನುತ್ತ ತಿನ್ನುತ್ತ ಅವರು ಕ್ರಮ ಹೇಳಿಕೊಟ್ಟರು. ತೋಳಿನಡಿ ಜಾಕು ಇರಬೇಕು. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಬಿಡಬೇಕು. ಕಡ್ಡಿಯ ತುದಿಗೆ ಹೊಡೆಯಬಾರದು, ಹೊಡೆದರೆ ಅದು ಅಣಬೆಯಂತೆ ಅರಳಿ ಹೊರಗೇ ಬರುವುದಿಲ್ಲ. ಗೂಡಿನ ಎರಡೂ ಕಡೆ ಎರಡು ಸುತ್ತಿಗೆ ಹಿಡಿದು ಒಂದೇ ಹೊತ್ತಿಗೆ ಹೊಡೆದರೆ ಅದಾಗಿಯೇ ಬಿಡುತ್ತದೆ. ಈಗ ಇದಕ್ಕೆಲ್ಲ ಪುಲ್ಲರ್ ಬಂದಿದೆ, ಪ್ರೆಸ್ ಬಂದಿದೆ. ಪೂರ್ಣಿಮಾಳ ಸೆಂಟರಿನಲ್ಲಿ ಒಂದು ಗುಂಡಿ ಒತ್ತುತ್ತಾರಂತೆ. ಒತ್ತಲಿ. ಸ್ಪ್ರಿಂಗಿಗೆ ಮಾತ್ರ ಇನ್ನೂ ಅದೇ ಬುದ್ಧಿಯಿದೆ.

ಕಂಪನಿಯಿಂದ ಬರುತ್ತಿದ್ದ ಜಾಯಿಂಟುಗಳಿಗೆ ಗ್ರೀಸ್ ಹಾಕುವ ದಾರಿಯೇ ಇರಲಿಲ್ಲ. ಒಳಗೆ ಒಮ್ಮೆ ಹಾಕಿ ಮುಚ್ಚಿಬಿಟ್ಟಿರುತ್ತಿದ್ದರು. ಆ ವಿಷಯ ತಿಳಿಸಿಕೊಡಲು ಒಬ್ಬ ಎಂಜಿನಿಯರು ಬಂದು, ಊರಿನ ಮೆಕ್ಯಾನಿಕ್‌ಗಳನ್ನೆಲ್ಲ ಒಂದು ಹೋಟೆಲಿನ ಹಾಲಿನಲ್ಲಿ ಕೂರಿಸಿ ಪಾಠ ಮಾಡಿದರು. ಊಟ ಇದೆ ಎಂದಿದ್ದರಿಂದ ಎಲ್ಲರೂ ಹೋಗಿದ್ದೆವು. ಆತ ಟೈ ಕಟ್ಟಿಕೊಂಡು, ಈ ಜಾಯಿಂಟಿಗೆ ಲೈಫ್ ಪೂರ್ತಿ ಗ್ರೀಸೇ ಬೇಡ ಎಂದು ಹೇಳಿದರು. ಹಿಂದಿನ ಸಾಲಿನಲ್ಲಿದ್ದ ಗಫಾರ್ ಸಾಬರು ಎದ್ದು ನಿಂತರು.

"ಸಾರ್, ಲೈಫು ಅಂದ್ರೆ ಯಾರ್ದು? ಗಾಡೀದಾ, ಗಿರಾಕೀದಾ?"

"ಜಾಯಿಂಟಿಂದು" ಎಂದರು ಎಂಜಿನಿಯರು.

"ಅಂದ್ರೆ ಅದು ಸಾಯೋ ತನಕ ಸಾಯಲ್ಲ."

"ಹೌದು."

"ಸಮಝ್ ಗಯಾ ಸಾರ್. ಥ್ಯಾಂಕ್ಸ್" ಎಂದು ಸಾಬರು ಕುಳಿತರು. ಆಮೇಲೆ ಪಾಠ ಮುಂದುವರಿಯಲಿಲ್ಲ. ಊಟ ಚೆನ್ನಾಗಿತ್ತು.

ನಮ್ಮ ಕಡೆಯ ರಸ್ತೆಗಳಲ್ಲಿ ಅಂಥ ಜಾಯಿಂಟಿನ ಆಯಸ್ಸು ಎರಡು ಮಳೆಗಾಲ. ಆದ್ದರಿಂದ ಬೇರೆಯವರು ಮಾಡಿದ, ಗ್ರೀಸ್ ನಿಪ್ಪಲ್ ಇರುವ ಜಾಯಿಂಟುಗಳು ಮಾರುಕಟ್ಟೆಗೆ ಬಂದಾಗ ನಾವು ಮುಗಿಬಿದ್ದೆವು. ನಿಪ್ಪಲ್ ಎಂದರೆ ಬಟ್ಟಲಿನ ಬುಡದಲ್ಲಿ ಒಂದು ಪುಟ್ಟ ಮೊಳೆಯಂಥ ಬಾಯಿ. ಗ್ರೀಸ್ ಗನ್ನನ್ನು ಅದಕ್ಕೆ ಕಚ್ಚಿಸಿ ಪಂಪು ಹೊಡೆದರೆ ಗ್ರೀಸು ಒಳಗೆ ಹೋಗುತ್ತದೆ. ನಾನು ಹಾಕಿದ ಮೊದಲ ಜೋಡಿಯಲ್ಲಿ ಒಂದರ ನಿಪ್ಪಲ್ ಒಳಮುಖವಾಗಿ ಕುಳಿತು, ಗನ್ನು ಅದರ ಹತ್ತಿರಕ್ಕೂ ಹೋಗಲಿಲ್ಲ. ಗಾಜನೂರಿನ ಮರಳಿನ ಗಾಡಿ ಅದು. ಮತ್ತೆ ಬಿಚ್ಚುವ ಸೋಮಾರಿತನಕ್ಕೆ, "ಇದು ಗ್ರೀಸು ಬೇಡದ ಕ್ವಾಲಿಟಿ" ಎಂದು ಹೇಳಿ ಕಳಿಸಿದೆ. ಅಷ್ಟು ಹೊತ್ತಿಗೆ ನಾನೂ ಎಂಜಿನಿಯರಾಗಿದ್ದೆ.

ಗನ್ನು ತಲುಪುವ ಕಡೆ ಇದಕ್ಕೆ ತದ್ವಿರುದ್ಧ. ಎಷ್ಟು ಗ್ರೀಸೋ ಅಷ್ಟು ಒಳ್ಳೆಯದು ಎಂದು ನಂಬಿದ್ದೆ. ಪಂಪು ಹೊಡೆಯುತ್ತ ಹೋದರೆ ಒಂದು ಹಂತದಲ್ಲಿ ಫಸಕ್ ಎಂದು ಸದ್ದಾಗಿ ಸುತ್ತ ಗ್ರೀಸು ಸುರಿಯುತ್ತಿತ್ತು. ಅದನ್ನು ನೋಡಿ ಗಿರಾಕಿ ಸಂತೋಷಪಡುತ್ತಿದ್ದ. ಆ ಸದ್ದು ಜಾಯಿಂಟಿನ ಕೊರಳಿಗೆ ಹಾಕಿದ ರಬ್ಬರ್ ಟೋಪಿ ಒಡೆದ ಸದ್ದು ಎಂದು ನನಗೆ ಗೊತ್ತಾಗಲು ಒಂದು ಮಳೆಗಾಲ ಬೇಕಾಯಿತು. ಟೋಪಿ ಒಡೆದರೆ ಕೆಸರು, ಮರಳು ಒಳಗೆ ಹೋಗಿ ಗುಂಡನ್ನು ಅರೆದು ಹಾಕುತ್ತವೆ. ನಾನು ಗ್ರೀಸು ಹಾಕಿದ ಏಳು ಗಾಡಿಗಳು ಒಂದರ ಹಿಂದೊಂದು ಗಡಗಡ ಎನ್ನುತ್ತ ಹಿಂದಿರುಗಿದವು. ಏಳು ಜನಕ್ಕೂ ಮಾಲು ಸರಿಯಿಲ್ಲ ಎಂದೆ. ಎಂಟನೆಯದನ್ನು ಸಾಬರೇ ಬಗ್ಗಿ ನೋಡಿದರು. ಅದಕ್ಕೆ ಹೊಸ ಜಾಯಿಂಟು ಹಾಕಿಸಿ, ಗನ್ನನ್ನು ತಾವು ಹಿಡಿದು ನನ್ನನ್ನು ಟಾರ್ಚು ಕೊಟ್ಟು ಕೆಳಗೆ ಮಲಗಿಸಿದರು.

"ಟೋಪಿ ನೋಡ್ತಾ ಇರು. ಮಗು ಬಾಯಲ್ಲಿ ನೀರು ತುಂಬ್ಕೊಂಡಂಗೆ ಕೆನ್ನೆ ಉಬ್ತದೆ. ಉಬ್ಬಿದ ಕೂಡ್ಲೆ ಹೇಳು."

ಎರಡು ಪಂಪಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ರಬ್ಬರು ಮೆಲ್ಲಗೆ ತುಂಬಿಕೊಂಡಿತು. ನಾಲ್ಕನೆಯದಕ್ಕೆ ಕೆನ್ನೆ ಉಬ್ಬಿತು.

"ಸಾಕು" ಎಂದೆ.

"ಅಷ್ಟೇ. ಈಗ ಇನ್ನೊಂದು ಕೆಲ್ಸ. ಆ ಏಳು ಜನಕ್ಕೂ ತಪ್ಪು ನಂದೇ ಅಂತ ಹೇಳಿ ಬಾ."

ಏಳರಲ್ಲಿ ಐದು ಜನಕ್ಕೆ ಹೇಳಿದೆ. ಉಳಿದ ಇಬ್ಬರು ನನಗಿಂತ ದಪ್ಪ ಇದ್ದರು.

ಇನ್ನು ಸೆಲ್ವಿಯ ವಿಷಯ. ಇದನ್ನು ನಗುತ್ತ ಬರೆಯೋಣ ಎಂದುಕೊಂಡಿದ್ದೆ. ಆಗುತ್ತದೋ ನೋಡಬೇಕು.

ಸೆಲ್ವಿ ಭದ್ರಾವತಿಯಲ್ಲಿ ನಮ್ಮ ಹಿಂದಿನ ಬೀದಿಯವಳು. ಗಂಡ ಒಂದು ಫೌಂಡ್ರಿಯಲ್ಲಿದ್ದ. ಅವನ ಬಲಗೈಗೆ ಏಟಾದ ಮೇಲೆ ಅವನ ಪಿಕಪ್ಪನ್ನು ಇವಳೇ ಓಡಿಸತೊಡಗಿದಳು. ಆ ಕಾಲದಲ್ಲಿ ಹೆಂಗಸೊಬ್ಬಳು ಎರಕದ ಕಬ್ಬಿಣ ತುಂಬಿಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದರೆ ಬೀದಿಯ ಜನ ಕೆಲಸ ಬಿಟ್ಟು ನೋಡುತ್ತಿದ್ದರು. ಅವಳು ಯಾರನ್ನೂ ನೋಡುತ್ತಿರಲಿಲ್ಲ, ರಸ್ತೆ ನೋಡುತ್ತಿದ್ದಳು. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಮುಂದಿನ ಜಾಯಿಂಟುಗಳೆಲ್ಲ ಹೋಗಿವೆ ಎಂದು ಗಾಡಿ ತಂದಳು.

"ರುದ್ರೇಶಣ್ಣ, ಬೇಗ ಮಾಡ್ಕೊಡಿ. ರಾಗಿಗುಡ್ಡದಿಂದ ಒಂದಷ್ಟು ಹೆಂಗಸರನ್ನ ಕುಂಸಿಗೆ ಕರ್ಕೊಂಡು ಹೋಗ್ಬೇಕು. ಸೀಮಂತ ಐತೆ."

ಆಗ ನನ್ನ ಕೈ ಚೆನ್ನಾಗಿ ಪಳಗಿತ್ತು, ತಲೆ ಅದಕ್ಕಿಂತ ಚೆನ್ನಾಗಿ ತಿರುಗಿತ್ತು. ಬಲಗಡೆ ಮುಗಿಸಿದೆ. ಎಡಗಡೆಯ ಕೆಳಗಿನ ಜಾಯಿಂಟು ಕೂರಿಸಿ, ನಟ್ಟನ್ನು ಕೈಯಲ್ಲಿ ತಿರುಗಿಸಿ ಹತ್ತಿಸುವಷ್ಟರಲ್ಲಿ ಬಿಡಿಭಾಗದ ಕಂಪನಿಯ ಏಜೆಂಟೊಬ್ಬ ಕ್ಯಾಮೆರಾ ಹಿಡಿದು ಬಂದ. ಅವರ ಕ್ಯಾಲೆಂಡರಿಗೆ ಶಿವಮೊಗ್ಗದ ಅತ್ಯುತ್ತಮ ಮೆಕ್ಯಾನಿಕ್ಕಿನ ಫೋಟೋ ಬೇಕಿತ್ತಂತೆ. ಸಾಬರು, "ನನ್ ಪೈಜಾಮ ನೋಡಿದ್ರೆ ಯಾರೂ ನಂಬಲ್ಲ, ಅವನ್ದು ತೆಗೀರಿ" ಎಂದರು. ನಾನು ಮುಖ ತೊಳೆದೆ. ತಲೆ ಬಾಚಿದೆ. ಗ್ರೀಸ್ ಗನ್ನನ್ನು ಎದೆಗೆ ಆನಿಸಿ ಹಿಡಿದು, ಗಡಿಯಲ್ಲಿ ನಿಂತ ಸೈನಿಕನಂತೆ ನಾಲ್ಕು ಫೋಟೋ ತೆಗೆಸಿಕೊಂಡೆ. ಹಿಂದಿರುಗಿ ಬಂದು ಎಡಗಡೆಗೆ ಗ್ರೀಸು ತುಂಬಿ, ಕೆನ್ನೆ ಉಬ್ಬಿದ್ದನ್ನು ನೋಡಿ ಸಂತೋಷಪಟ್ಟು, ಚಕ್ರ ಹಾಕಿದೆ. ಆ ವರ್ಷದ ಕ್ಯಾಲೆಂಡರಿನಲ್ಲಿ ಲಕ್ಷ್ಮಿಯ ಚಿತ್ರ ಬಂತು.

ಸೆಲ್ವಿ ಗ್ಯಾರೇಜಿನ ಮುಂದೆ ಒಂದು ಸುತ್ತು ಹೊಡೆದು ಬಂದಳು.

"ಎಡಗಡೆ ಟಕ್ ಅಂತೈತಲ್ಲಣ್ಣ."

"ಹೊಸ ಸಾಮಾನು ಹಂಗೇ. ಓಡ್ತಾ ಓಡ್ತಾ ಕೂತ್ಕೊಳ್ತದೆ" ಎಂದೆ.

ಅವಳು ನಂಬಿ ಹೋದಳು.

ಮುಕ್ಕಾಲು ಗಂಟೆಯ ನಂತರ ನೆಲ ಗುಡಿಸುತ್ತಿದ್ದೆ. ಜಾಯಿಂಟಿನ ಡಬ್ಬಗಳನ್ನು ಕಸಕ್ಕೆ ಎಸೆಯುವಾಗ ಒಂದರೊಳಗೆ ಏನೋ ಗಲಗಲ ಎಂದಿತು. ಪ್ರತಿ ಡಬ್ಬದಲ್ಲೂ ಒಂದು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಹೊಸ ನಟ್ಟು, ಹೊಸ ಪಿನ್ನು ಇರುತ್ತವೆ. ಈ ಪೊಟ್ಟಣದಲ್ಲಿ ನಟ್ಟು ತೆಗೆದ ತೂತಿತ್ತು, ಪಿನ್ನು ಒಳಗೇ ಇತ್ತು. ಪಿನ್ನು ಹಾಕಿರದಿದ್ದರೆ ನಟ್ಟು ಬಿಗಿದಿರುವುದೂ ಸುಳ್ಳು. ಏಕೆಂದರೆ ನಾನು ಯಾವಾಗಲೂ ಬಿಗಿದ ಕೂಡಲೇ ಪಿನ್ನು ಹಾಕುವವನು. ನಟ್ಟು ಬರೀ ಕೈಯಲ್ಲಿ ಹತ್ತಿಸಿದ್ದು. ಟಕ್ ಎಂದದ್ದು ಅದೇ.

ಈಗ ಬರೆಯುವುದನ್ನು ಯಾರಿಗೂ ಹೇಳಿಲ್ಲ. ನಾನು ಕೂಡಲೇ ಓಡಲಿಲ್ಲ. ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ನಿಂತೆ. ಏನೂ ಆಗಲಿಕ್ಕಿಲ್ಲ, ಸಂಜೆ ಅವಳು ವಾಪಸ್ ಬಂದಾಗ ನೋಡೋಣ ಎಂದು ಒಂದು ಮನಸ್ಸು. ಏನಾದರೂ ಆದರೆ ಇದನ್ನು ಚರಂಡಿಗೆ ಎಸೆದರಾಯಿತು ಎಂದೂ ಅದೇ ಮನಸ್ಸು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಹಾಗೇ ನಿಂತಿದ್ದಿರಬೇಕು. ಆಮೇಲೆ ಸಾಬರ ಮುಂದೆ ಹೋಗಿ ಮುಷ್ಟಿ ಬಿಚ್ಚಿದೆ.

"ಸೆಲ್ವಿ ಗಾಡೀದು. ಎಡಗಡೆ. ಕೆಳಗಿಂದು."

ಸಾಬರು ಹೋಗಿ ಸ್ಕೂಟರಿಗೆ ಒದ್ದರು. ಅದು ಒಂಬತ್ತನೇ ಒದೆತಕ್ಕೆ ಹೊತ್ತಿತು. ನಾನು ಸ್ಪ್ಯಾನರು, ಕಟಿಂಗ್ ಪ್ಲೈಯರು, ಸುತ್ತಿಗೆ ಹಿಡಿದು ಹಿಂದೆ ಕುಳಿತೆ. ಕಾಲ ಹತ್ತಿರ ಜಾಕು. ರಾಗಿಗುಡ್ಡಕ್ಕೆ ಹೋಗುವ ಮಾತೇ ಇರಲಿಲ್ಲ, ಅವಳು ಅಲ್ಲಿಂದ ಹೊರಟಾಗಿರುತ್ತದೆ. ನೇರ ಕುಂಸಿಯ ರಸ್ತೆ ಹಿಡಿದೆವು. ಸಾಬರು ಜೀವಮಾನದಲ್ಲಿ ಆ ಸ್ಕೂಟರನ್ನು ಮೂರನೇ ಗೇರಿನಿಂದ ಮೇಲಕ್ಕೆ ಓಡಿಸಿದವರಲ್ಲ. ಅಂದು ಬಸ್ಸೊಂದನ್ನು ಹಿಂದೆ ಹಾಕಿದರು. ಪ್ರತಿ ತಿರುವಿನಲ್ಲೂ ನಾನು ರಸ್ತೆಯ ಪಕ್ಕದ ಹಳ್ಳ ನೋಡುತ್ತಿದ್ದೆ. ನೋಡಬಾರದೆಂದುಕೊಂಡು ನೋಡುತ್ತಿದ್ದೆ.

ಆ ದಾರಿಯಲ್ಲಿ ಆಗ ಒಂದು ರೈಲು ಬಸ್ಸು ಓಡುತ್ತಿತ್ತು. ಹಳಿಯ ಮೇಲೆ ಬಸ್ಸು. ಅದರ ಪಕ್ಕ ನಡೆದುಕೊಂಡು ಹೋದವರು ಮೊದಲು ಊರು ತಲುಪುತ್ತಾರೆ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಅಂದು ಅದಕ್ಕಾಗಿ ರೈಲ್ವೆ ಗೇಟು ಹಾಕಿತ್ತು. ಗೇಟಿನ ಮುಂದೆ ನಾಲ್ಕನೆಯದಾಗಿ ಸೆಲ್ವಿಯ ಪಿಕಪ್ಪು ನಿಂತಿತ್ತು. ಹಿಂದೆ ಹದಿನಾಲ್ಕು ಹೆಂಗಸರು, ಮಡಿಲಲ್ಲಿ ತಟ್ಟೆಗಳು, ಬಳೆ, ಹಣ್ಣು, ಹೋಳಿಗೆ.

ನಾನು ಹೋಗಿ ಕಿಟಕಿಯಲ್ಲಿ ನಿಂತೆ. ಏನು ಹೇಳಬೇಕೆಂದು ಯೋಚಿಸಿದ್ದೆಲ್ಲ ಮರೆತುಹೋಗಿತ್ತು.

"ಸೆಲ್ವಿ, ಗಾಡಿ ಆಫ್ ಮಾಡು. ನಾನು ಒಂದು ಪಿನ್ನು ಹಾಕಿಲ್ಲ."

ಅವಳು ನನ್ನನ್ನು ನೋಡಿದಳು. ಎಂಜಿನ್ ಆರಿಸಿ, ಕೀ ಕಿತ್ತು ಕೈಯಲ್ಲಿ ಹಿಡಿದುಕೊಂಡು ಇಳಿದಳು. ಹೆಂಗಸರನ್ನೂ ಇಳಿಸಿದಳು. ನಾನು ಡಾಂಬರಿನ ಮೇಲೆ ಮಲಗಿ ಕೆಳಗೆ ತೂರಿದೆ. ನಟ್ಟು ಕಡ್ಡಿಯ ತುದಿಗೆ ಬಂದಿತ್ತು. ಬೆರಳಲ್ಲಿ ಮುಟ್ಟಿದರೆ ತಿರುಗಿತು. ಲೆಕ್ಕ ಹಾಕಿದೆ, ಎರಡು ಸುತ್ತು ಉಳಿದಿತ್ತು.

ಜಾಕು ಕೊಟ್ಟು, ನಟ್ಟು ಬಿಗಿದು, ಪಿನ್ನಿನ ತೂತು ಸಾಲಿಗೆ ಬರುವಷ್ಟು ಇನ್ನೂ ಮುಂದಕ್ಕೆ ಬಿಗಿದೆ. ಅಷ್ಟರಲ್ಲಿ ರೈಲು ಬಸ್ಸು ಹೋಗಿ ಗೇಟು ತೆರೆಯಿತು. ಹಿಂದಿನ ಲಾರಿಯವನು ಹಾರ್ನು ಒತ್ತತೊಡಗಿದ. ಸೆಲ್ವಿ ಅವನ ಕಡೆ ತಿರುಗಿ, "ಅಣ್ಣ ಎದ್ದ ಮೇಲೆ ಗಾಡಿ. ಕೀ ನನ್ ಹತ್ರ ಐತೆ" ಎಂದಳು. ಹಾರ್ನು ನಿಂತಿತು. ಪಿನ್ನು ತೂರಿಸಿ ಅದರ ಎರಡು ಕಾಲನ್ನೂ ಮಡಿಸಿದೆ. ಬಲಗಡೆಯದನ್ನೂ ನೋಡಿದೆ. ಎದ್ದು ನಿಂತೆ.

"ಟಕ್ ಅಂತೈತೆ ಅಂತ ನಾ ಹೇಳ್ದೆ. ಕೂತ್ಕೊಳ್ತದೆ ಅಂದ್ರಿ" ಎಂದಳು ಸೆಲ್ವಿ. ದನಿ ಎತ್ತಲಿಲ್ಲ.

"ಹೌದು. ಅಂದೆ."

"ಈಗ ಸರಿಯಾಯ್ತಾ?"

"ಆಯ್ತು."

"ಹಂಗಾದ್ರೆ ಹತ್ತಿ. ಹಿಂದೆ."

ನಾನು ಸಾಬರ ಕಡೆ ನೋಡಿದೆ. ಅವರು ಜಾಕನ್ನು ಸ್ಕೂಟರಿಗೆ ಕಟ್ಟುತ್ತಿದ್ದರು. "ಜಾ ರೇ. ಹೋಳಿಗೆ ತಿಂದ್ಕೊಂಡು ಬಾ" ಎಂದರು.

ಹದಿನಾಲ್ಕು ಹೆಂಗಸರ ನಡುವೆ, ಮೈಯೆಲ್ಲ ಗ್ರೀಸು ಹತ್ತಿಸಿಕೊಂಡು, ಯಾರ ಸೀರೆಗೂ ತಾಗದಂತೆ ಕೈ ಎರಡನ್ನೂ ಮೇಲೆತ್ತಿಕೊಂಡು ಕುಂಸಿಯವರೆಗೆ ಕುಳಿತೆ. ಪೊಲೀಸರು ಹಿಡಿದ ಕಳ್ಳನೂ ಇದಕ್ಕಿಂತ ಗೌರವದಿಂದ ಕೂರುತ್ತಾನೆ. ವಯಸ್ಸಾದ ಒಬ್ಬಾಕೆ, "ಕೈ ಎತ್ಕೊಂಡೇ ಅವ್ರೆ, ಇವ್ರಿಗೂ ಎರಡು ಬಳೆ ಹಾಕ್ರೇ" ಎಂದಳು. ಎಲ್ಲರೂ ನಕ್ಕರು. ಏನಾಗುವುದಿತ್ತು ಎಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪ್ರತಿ ಗುಂಡಿಗೂ ಎಡಗಡೆಯ ಚಕ್ರದ ಸದ್ದಿಗೆ ಕಿವಿಗೊಟ್ಟೆ. ಕುಂಸಿ ಅಷ್ಟು ದೂರ ಇದೆ ಎಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

ಸೀಮಂತದ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಕೂತು ಊಟ ಮಾಡಿದೆ. ಬಸುರಿ ಹುಡುಗಿ ಹಸಿರು ಬಳೆ ತೊಟ್ಟು, ಆ ಹದಿನಾಲ್ಕು ಜನರಲ್ಲಿ ಒಬ್ಬಳಾದ ತನ್ನ ತಾಯಿಯ ತೊಡೆಗೆ ಒರಗಿ ಕುಳಿತಿದ್ದಳು. ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿಟ್ಟೆ.

ಸೆಲ್ವಿ ಬೇರೆ ಗ್ಯಾರೇಜಿಗೆ ಹೋಗುತ್ತಾಳೆ ಎಂದುಕೊಂಡೆ. ಮುಂದಿನ ವಾರ ಅವಳೇ ಬಂದಳು. ಒಂದು ಗೋಣಿಚೀಲ ತಂದಿದ್ದಳು.

"ಎಲ್ಲೆಲ್ಲಿ ಪಿನ್ನು ಇರ್ಬೇಕು ತೋರ್ಸಿ."

ಚೀಲ ಹಾಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಕೆಳಗೆ ಬಂದು ನನ್ನ ಪಕ್ಕ ಮಲಗಿದಳು. ನಾನು ತೋರಿಸಿದೆ. ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ಎಣಿಸಿಕೊಂಡಳು. ಅಂದಿನಿಂದ ನಾನು ಕೆಲಸ ಮುಗಿಯಿತು ಎಂದ ಕೂಡಲೇ ಅವಳು ಚೀಲ ಹಾಸುತ್ತಿದ್ದಳು. ಉಳಿದ ಡ್ರೈವರುಗಳು ಮೊದಲು ನಕ್ಕರು, ಆಮೇಲೆ ಅವರೂ ಬಗ್ಗಿ ನೋಡಲು ಶುರು ಮಾಡಿದರು. ನನಗೆ ಒಂದೆರಡು ವರ್ಷ ವಿಪರೀತ ಸಿಟ್ಟು ಬರುತ್ತಿತ್ತು. ಇಷ್ಟು ವರ್ಷ ಕೆಲಸ ಮಾಡಿದವನನ್ನು ನಂಬುವುದಿಲ್ಲವೇ ಎಂದು ಸಾಬರ ಹತ್ತಿರ ದೂರಿದೆ. "ನಾನೂ ನಂಬಲ್ಲ" ಎಂದರು ಅವರು.

ಆ ಗೇಟಿನ ಮುಂದೆ ಮಲಗಿದ್ದಾಗ, ಜನ್ಮದಲ್ಲಿ ಇನ್ನೊಮ್ಮೆ ಇದನ್ನು ಮರೆಯುವುದಿಲ್ಲ ಎಂದು ನಾನು ಆಣೆ ಮಾಡಿದ್ದೆ. ಅದು ಸುಳ್ಳಲ್ಲ, ನಿಜವಾಗಿಯೂ ಮಾಡಿದ್ದೆ. ಐದಾರು ವರ್ಷಗಳ ನಂತರ ಒಂದು ಮಧ್ಯಾಹ್ನ ಸೆಲ್ವಿಯ ಗಾಡಿಗೆ ಮೇಲಿನ ಜಾಯಿಂಟು ಹಾಕಿ ಮುಗಿಸಿದೆ. ಆ ದಿನ ಅವಸರ ಇರಲಿಲ್ಲ, ಯಾರೂ ಬಂದು ಕರೆದಿರಲಿಲ್ಲ, ಮೈಯಲ್ಲಿ ಜ್ವರವೂ ಇರಲಿಲ್ಲ. ಕೈ ಒರೆಸಿಕೊಂಡು, "ಆಯ್ತು, ನೋಡ್ಕೋ" ಎಂದೆ. ಅವಳು ಕೆಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ ಬಂತು.

"ರುದ್ರೇಶಣ್ಣ, ಇಲ್ಲಿ ಇಲ್ಲ."

ನಾನು ಬಗ್ಗಿ, ಅವಳ ಪಕ್ಕಕ್ಕೆ ತೂರಿ ನೋಡಿದೆ. ಇರಲಿಲ್ಲ. ನಟ್ಟು ಬಿಗಿಯಾಗಿತ್ತು, ತೂತು ಖಾಲಿಯಿತ್ತು, ಆ ಕಡೆಯ ಬೆಳಕು ಕಾಣುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಮಲಗಿದ್ದೆವು. ನಾನು ಎದ್ದು ಹೋಗಿ ಪಿನ್ನು ತಂದೆ.